ಉಡಿಯಲ್ಲಿ ಹಾಕಿದ ಸೌತೆಬೀಜ

ನನ್ನ ಬಾಯಿ ಜೋರು ಎಂಬುದು ನಮ್ಮ ತೋಟಪಟ್ಟಿಯ ಎಲ್ಲರಿಗೂ ಗೊತ್ತು. ತವರಲ್ಲೂ ಹಾಗೇ ಇತ್ತು, ಗಂಡನ ಮನೆಗೆ ಬಂದು ಇಪ್ಪತ್ತೆರಡು ವರ್ಷವಾದರೂ ಕಡಿಮೆಯಾಗಿಲ್ಲ. ಸಿಟ್ಟು ಬಂತೆಂದರೆ ಮೊದಲು ಮಾತಾಡಿ ಆಮೇಲೆ ಯೋಚಿಸುವವಳು ನಾನು. ಇದನ್ನು ಒಂದಿಷ್ಟು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ, ನನ್ನದು ನೇರ ಮಾತು ಅಂತ. ಎರಡು ವರ್ಷದ ಹಿಂದಿನ ಮುಂಗಾರಿನ ನಂತರ ಹಾಗೆ ಹೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.

ನಮ್ಮದು ಕಬ್ಬೂರ ಕಡೆಯ ತೋಟದ ಮನೆ. ಊರಿನಿಂದ ಅರ್ಧ ತಾಸಿನ ನಡಿಗೆ. ಬಾಗಿಲು ತೆರೆದರೆ ಕಬ್ಬು, ಕಿಟಕಿ ತೆರೆದರೆ ಕಬ್ಬು. ಇಷ್ಟೆಲ್ಲ ನೆಲವಿದ್ದೂ ಒಂದು ಸೂಡು ಕೊತ್ತಂಬರಿಗೆ ಚಿಕ್ಕೋಡಿ ಸಂತೆಯ ದಾರಿ ಕಾಯುವ ಮನೆ ನಮ್ಮದು. ನಮ್ಮ ಸುತ್ತಿನ ಕಬ್ಬಿನ ಮನೆಗಳೆಲ್ಲ ಹೀಗೇ. ಗೇಣು ಜಾಗ ಸಿಕ್ಕರೂ ಗಂಡಸರು ಅಲ್ಲೊಂದು ಸಾಲು ಕಬ್ಬು ನಾಟುತ್ತಾರೆ, ಹೆಂಗಸರು ಚೀಲ ಹಿಡಿದು ಸಂತೆಗೆ ಹೋಗುತ್ತಾರೆ.

ಇದನ್ನು ಆಡಿಕೊಂಡು ನಗುತ್ತಿದ್ದವಳು ಆಯಿ. ನನಗೆ ನೆಂಟಳೇನಲ್ಲ. ನಮ್ಮ ಬದುವಿನಾಚೆ ಮಗ ಸೊಸೆಯ ಜೊತೆ ಇರುವ, ಕುರಿ ಆಡು ಸಾಕುವ ಮನೆಯ ಹಿರಿಯಳು. ಎಪ್ಪತ್ತು ದಾಟಿರಬೇಕು. ಇಲ್ಲಿ ಎಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಾರೆ. ಅವಳ ಮನೆಯ ಮುಂದಿನ ನೆಲ ಎರಡು ಎತ್ತಿನಗಾಡಿ ನಿಲ್ಲಿಸುವಷ್ಟೂ ಇಲ್ಲ, ಆದರೆ ಮಳೆ ಬಿತ್ತೆಂದರೆ ಅಲ್ಲಿ ಹೀರೆ, ಚವಳಿ, ಕುಂಬಳ, ಸೌತೆ ಎಲ್ಲ ಒಂದರ ಮೇಲೊಂದು ಬಿದ್ದು ಬೆಳೆಯುತ್ತಿದ್ದವು. ನಮ್ಮ ತೋಟಪಟ್ಟಿಯಲ್ಲಿ ಯಾರು ಕಾಯಿಪಲ್ಯ ಹಾಕಿದರೂ ಬೀಜ ಆಯಿಯ ಮನೆಯದೇ. ಯಾರಿಗೂ ಇಲ್ಲ ಎಂದವಳಲ್ಲ. ಹಾಗೆ ಕೊಡುವುದರಲ್ಲೇ ಅವಳ ಎಲ್ಲ ಗತ್ತು ಇತ್ತು.

ಆ ವರ್ಷ ನಾನು ಸಂತೆಯಿಂದ ಬರುವಾಗ ಅವಳು ನನ್ನ ಚೀಲ ಇಣುಕಿ ನೋಡಿದಳು.

"ಇಷ್ಟ ಕಬ್ಬ ಐತಲ್ಲ ಯವ್ವಾ, ಸಂತಿಗ್ಯಾಕ ಹೋಗಿದ್ದಿ? ಕಬ್ಬಿಂದ ಪಲ್ಯಾ ಮಾಡ್ಬೇಕಿಲ್ಲ?"

ನಗುತ್ತಲೇ ಹೇಳಿದಳು, ನನಗೆ ಚುರುಕ್ಕೆಂದಿತು. ಈ ವರ್ಷ ನನ್ನ ಹಿತ್ತಲು ನೋಡಿ ನೀನೇ ಬಾಯಿ ಮುಚ್ಚಬೇಕು ನೋಡು, ಎಂದೆ. ರೋಹಿಣಿ ಮಳೆಯ ಎರಡು ಹನಿ ಬಿದ್ದ ಮರುದಿನವೇ ಬಚ್ಚಲ ನೀರು ಹೋಗುವ ಕಡೆ ನೆಲ ಅಗೆಸಿದೆ. ಕಲ್ಲು ಆರಿಸಿದೆ, ತಿಪ್ಪೆಯ ಹಳೇ ಗೊಬ್ಬರ ಬುಟ್ಟಿಬುಟ್ಟಿ ಹೊತ್ತು ಹಾಕಿದೆ, ನಾಲ್ಕು ಮಡಿ ಮಾಡಿದೆ. ಸೊಂಟ ಹಿಡಿದುಕೊಂಡಿತು. ಆದರೂ ಆ ಎಂಟು ದಿನ ನಾನು ಅಷ್ಟು ಖುಷಿಯಾಗಿದ್ದುದು ಬಹಳ ಕಾಲದ ಮೇಲೆ.

ಮಿರಗದ ದಿನ, ಅಂದರೆ ಮೃಗಶಿರಾ ಮಳೆ ಕೂಡುವ ದಿನ, ಆಯಿ ಬಂದಳು. ಅವಳ ಕೈಯಲ್ಲಿ ಹಳೇ ಬಟ್ಟೆಯ ಗಂಟು, ಒಳಗೆ ಬೂದಿಯಲ್ಲಿ ಹೊರಳಿಸಿಟ್ಟ ಬೀಜ. ನಾನು ಕೈ ಚಾಚಿದೆ. ಅವಳು ಕೈಗೆ ಕೊಡಲಿಲ್ಲ.

"ಬೀಜ ಕೈಯಾಗ ಇಸ್ಕೋಬಾರ್ದ ಯವ್ವಾ. ಸೆರಗ ಒಡ್ಡು."

ಸೆರಗು ಒಡ್ಡಿದೆ. ಮದುವಣಗಿತ್ತಿಗೆ ಉಡಿ ತುಂಬುವ ಹಾಗೆ ಒಂದೊಂದೇ ಹಿಡಿ ಹಾಕಿದಳು. ಹೀರೆ, ಚವಳಿ ಹಾಕಿ ಕೊನೆಗೆ ಸೌತೆಬೀಜ ಹಾಕುವಾಗ ಕೈ ಸ್ವಲ್ಪ ತಡೆಯಿತು. ಅದು ಅಥಣಿ ಕಡೆಯ ಅವಳ ತವರಿನ ಬೀಜ. ಮದುವೆಯಾಗಿ ಬರುವಾಗ ಅವಳವ್ವ ಹೀಗೇ ಉಡಿಯಲ್ಲಿ ಹಾಕಿ ಕಳಿಸಿದ್ದಂತೆ. ಗೇಣುದ್ದದ ಪಟ್ಟೆಪಟ್ಟೆಯ ಕಾಯಿ, ಒಂದೂ ಕಹಿಯಾಗುವುದಿಲ್ಲ. ತವರಲ್ಲಿ ಈಗ ಎಲ್ಲ ದ್ರಾಕ್ಷಿ, ಅಲ್ಲಿ ಈ ಬಳ್ಳಿ ಉಳಿದಿಲ್ಲ. ಆ ವರ್ಷ ಇದ್ದ ಬೀಜದಲ್ಲಿ ತಾನೊಂದಿಷ್ಟು ಹಾಕಿಕೊಂಡು, ಪಕ್ಕದ ತೋಟದ ಸೊಸೆಗೊಂದು ಚಿಟಿಕೆ ಕೊಟ್ಟು, ಉಳಿದದ್ದೆಲ್ಲ ನನಗೆ ಕೊಟ್ಟಳು.

ಐದನೇ ದಿನ ಮೊಳಕೆ ಬಂದವು. ಬೆಳಿಗ್ಗೆ ಎದ್ದು ಚಹಾ ಕುಡಿಯುವ ಮೊದಲು ಹಿತ್ತಲಿಗೆ ಓಡುತ್ತಿದ್ದೆ. ನಮ್ಮವರು ಚಹಾಕ್ಕೆ ಕೂಗಿ ಕೂಗಿ ಸಾಕಾಗಿ ತಾವೇ ಮಾಡಿಕೊಳ್ಳಲು ಕಲಿತರು. ಎರಡನೇ ವಾರದಲ್ಲಿ ಸೌತೆಯ ಎಲೆಗೆ ಕೆಂಪು ದುಂಬಿ ಬಿತ್ತು, ಎಲೆಯೆಲ್ಲ ಜರಡಿ. ಆಯಿಯನ್ನು ಕೇಳಿದರೆ, ಮುಂಜಾನೆ ಇಬ್ಬನಿ ಇರುವಾಗ ಒಲೆಯ ಬೂದಿ ಎರಚು, ಹೋಗುತ್ತವೆ ಎಂದಳು. ನಮ್ಮ ಮನೆಯಲ್ಲಿ ಗ್ಯಾಸು, ಬೂದಿ ಎಲ್ಲಿಂದ ತರಲಿ? ಅದೂ ಅಲ್ಲದೆ ಮೊಬೈಲಿನಲ್ಲಿ ಯಾರೋ ಹುಳಿ ಮಜ್ಜಿಗೆಗೆ ಬೇವಿನೆಣ್ಣೆ ಕೂಡಿಸಿ ಹೊಡೆಯುವುದನ್ನು ತೋರಿಸಿದ್ದರು. ಅದನ್ನು ನೋಡಿದ ಮೇಲೆ ಬೂದಿ ನನಗೆ ಹಳೇ ಕಾಲದ್ದು ಅನಿಸಿತು.

ಶೆಡ್ಡಿನಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಪಂಪು ಇತ್ತು. ಒಂದು ಕೊಡ ನೀರು ಹಾಕಿ ಅಲ್ಲಾಡಿಸಿ ಚೆಲ್ಲಿ, ಮಜ್ಜಿಗೆ ತುಂಬಿ, ನನ್ನ ನಾಲ್ಕೂ ಮಡಿಗೆ ಹೊಡೆದೆ. ಇನ್ನೂ ಅರ್ಧ ಉಳಿದಿತ್ತು. ಉಪಕಾರ ಮಾಡುವ ಹುರುಪು ಬಂತು. ಪಂಪು ಬೆನ್ನ ಮೇಲಿದ್ದ ಹಾಗೆಯೇ ಬದು ದಾಟಿ ಆಯಿಯ ಅಂಗಳಕ್ಕೆ ಹೋದೆ.

"ಬ್ಯಾಡ ಯವ್ವಾ. ನಾ ಬೂದಿ ಹಾಕೇನಿ, ಸಾಕ" ಎಂದಳು.

"ಮಜ್ಜಿಗಿ ಐತಿ ಆಯಿ, ವಿಷಾ ಏನ ಅಲ್ಲ. ನೀ ಸುಮ್ನ ಕುಂದ್ರ" ಎಂದು ನಾನು ಹೊಡೆದೇ ಬಿಟ್ಟೆ. ಅವಳು ಪಾಪ, ನನ್ನ ಹುರುಪು ನೋಡಿ ಸುಮ್ಮನೆ ಕೂತಳು.

ಮೂರನೇ ದಿನ ಸೌತೆಯ ಕುಡಿಗಳು ತಿರುಚಿಕೊಂಡವು. ಎಲೆ ಮುರುಟಿ, ದಂಟು ಅಂಕುಡೊಂಕಾಗಿ, ನೋಡಿದರೆ ಅಸಹ್ಯವಾಗುವಂತಾಯಿತು. ಚವಳಿ, ಹೀರೆ ಕೂಡ ಹಾಗೇ. ವಾರದೊಳಗೆ ನಾಲ್ಕೂ ಮಡಿ ಸತ್ತವು. ಬದುವಿನಾಚೆ ನೋಡಿದರೆ ಆಯಿಯ ಬಳ್ಳಿಗಳಿಗೂ ಅದೇ ಗತಿ. ಎರಡೂ ಕಡೆ ಬೀಜ ಒಂದೇ, ರೋಗವೂ ಒಂದೇ. ಅಂದ ಮೇಲೆ ದೋಷ ಬೀಜದ್ದು ಎಂದು ನನ್ನ ಶ್ಯಾಣ್ಯಾತನಕ್ಕೆ ಹೊಳೆಯಿತು. ಪಂಪಿನ ನೆನಪೇ ಆಗಲಿಲ್ಲ.

ಅದೇ ಸಿಟ್ಟಿನಲ್ಲಿ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದೆ. ಐದಾರು ಹೆಂಗಸರು ಇದ್ದರು. ಗಿರಣಿಯ ಸದ್ದಿಗೆ ಮೇಲಾಗಿ ಒದರಿ ಹೇಳಿದೆ.

"ಆಯಿ ಕಡೆ ಯಾರೂ ಬೀಜ ಇಸ್ಕೋಬ್ಯಾಡ್ರಿ. ರೋಗದ ಬೀಜ ಅದಾವ. ನಂದೂ ಹಾಳಾತು, ಆಕೀದೂ ಹಾಳಾತು. ವಯಸ್ಸಾತು, ಕಣ್ಣ ಕಾಣೂದಿಲ್ಲ, ಹುಳುಕು ಯಾವ್ದು ಚಲೋ ಯಾವ್ದು ಅಂತ ಗೊತ್ತಾಗೂದಿಲ್ಲ. ಸುಮ್ನ ಹಂಚ್ಕೋತ ಹೊಂಟಾಳ."

ಇದನ್ನು ಹಾಗೇ ಬರೆದಿದ್ದೇನೆ. ಒಂದು ಶಬ್ದವನ್ನೂ ಮೆತ್ತಗೆ ಮಾಡಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಮಳೆ ಬಿಡುವು ಕೊಟ್ಟಿತು. ನಮ್ಮವರು ಕಬ್ಬಿನ ಕಸಕ್ಕೆ, ಅಂದರೆ ಕಳೆಗೆ, ಔಷಧಿ ಹೊಡೆಯಲೆಂದು ಶೆಡ್ಡಿಗೆ ಹೋದವರು ಪಂಪಿನ ಮುಚ್ಚಳ ತೆಗೆದು ಮೂಸಿ ನೋಡುತ್ತಾ ಬಂದರು.

"ಇದಕ್ಕ ಮಜ್ಜಿಗಿ ಯಾರ ಹಾಕ್ಯಾರ?"

ನಾನು ಹೇಳಿದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಹಿತ್ತಲನ್ನು ನೋಡಿದರು.

"ಇದರಾಗ ಕಸದ ಎಣ್ಣಿ ಹೊಡದಿದ್ನೆಲ್ಲ ಮಾರಾಯ್ತಿ. ಕಬ್ಬಿಗೇನೂ ಆಗೂದಿಲ್ಲ, ಆದ್ರ ಸವತಿ, ಹೀರಿ, ಚವಳಿಗೆ ಒಂದ ಹನಿ ತಾಗಿದ್ರೂ ಸಾಕು, ಮುಗೀತು. ಹತ್ತ ಸಲ ತೊಳದ್ರೂ ಪಂಪಿನ್ಯಾಗ ಉಳೀತೈತಿ. ಹುಳದ ಔಷಧಕ್ಕ ಬ್ಯಾರೆ ಪಂಪ್ ಇಟ್ಟೇನಿ, ಶೆಡ್ಡಿನ ಮೂಲ್ಯಾಗ ಐತಿ. ಒಂದ ಮಾತ ಕೇಳಬಾರ್ದ?"

ಕಬ್ಬಿನ ಮನೆಯಲ್ಲಿ ಇಪ್ಪತ್ತೆರಡು ವರ್ಷ ಬಾಳಿದವಳು ನಾನು. ಯಾವ ಪಂಪಿನಲ್ಲಿ ಏನು ಹೊಡೆಯುತ್ತಾರೆ ಎಂದು ಒಂದು ದಿನ ಕೇಳಿರಲಿಲ್ಲ.

ಆಯಿಗೆ ಹೇಳಿಬಿಡು, ಮುಗಿದುಹೋಗುತ್ತದೆ ಎಂದರು ನಮ್ಮವರು. ನಾಳೆ ಹೇಳುತ್ತೇನೆ ಎಂದೆ. ಹೇಳಬೇಕೆಂದೇ ಮರುದಿನ ಹೊರಟಿದ್ದೆ. ದಾರಿಯಲ್ಲಿ ಪಕ್ಕದ ತೋಟದ ಸೊಸೆ ಸಿಕ್ಕಳು. ಆಯಿ ಒಂದು ಚಿಟಿಕೆ ಸೌತೆಬೀಜ ಕೊಟ್ಟಿದ್ದು ಇವಳಿಗೇ.

"ವೈನಿ, ನೀವ ಗಿರಣ್ಯಾಗ ಹೇಳಿದ್ದ ಚಲೋ ಆತ್ ನೋಡ್ರಿ. ಅವತ್ತ ಸಂಜಿಕೇನ ಎಲ್ಲಾ ಕಿತ್ತ ಒಗದ್ನಿ. ಹಸರಗ ಇದ್ದು, ಹೂವೂ ಹಿಡದಿದ್ದು. ಆದ್ರೂ ರೋಗ ಹಬ್ಬಿದ್ರ ಏನ ಮಾಡೂದು ಅಂತ."

ಆಯಿಯ ತವರಿನ ಸೌತೆಯಲ್ಲಿ ಉಳಿದಿದ್ದ ಬಳ್ಳಿಗಳು ಅವಷ್ಟೇ. ಅವುಗಳನ್ನು ಕೊಂದದ್ದು ಔಷಧಿಯಲ್ಲ, ನನ್ನ ನಾಲಿಗೆ. ಅವಳಿಗೆ ಏನೋ ಹೇಳಿ ಅಲ್ಲಿಂದಲೇ ಮನೆಗೆ ತಿರುಗಿದೆ. ಆಮೇಲೆ ಒಂದು ತಿಂಗಳು ಆಯಿಯ ಕಣ್ಣು ತಪ್ಪಿಸಿಕೊಂಡೇ ತಿರುಗಿದೆ. ಅವಳು ಆಡು ಹೊಡೆದುಕೊಂಡು ಬದುವಿನ ಮೇಲೆ ಬಂದರೆ ನಾನು ಮೊಬೈಲನ್ನು ಕಿವಿಗಿಟ್ಟುಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ ಹಲೋ ಹಲೋ ಎನ್ನುತ್ತಾ ಒಳಗೆ ನಡೆಯುತ್ತಿದ್ದೆ. ಅವಳೂ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಗಿರಣಿಯ ಮಾತು ಅವಳಿಗೆ ಮುಟ್ಟಿತ್ತು. ಇಲ್ಲಿ ಮುಟ್ಟದೇ ಉಳಿಯುವ ಮಾತು ಯಾವುದು?

ಮಳೆ ಚೆನ್ನಾಗಿ ಹಿಡಿದಿತ್ತು. ಎಲ್ಲರ ಬೇಲಿಯ ಮೇಲೂ ಬಳ್ಳಿ ಹಬ್ಬುವ ದಿನಗಳು. ಒಂದು ದಿನ ಒಣ ಬಟ್ಟೆ ತೆಗೆಯುವಾಗ ಬದುವಿನಾಚೆ ನೋಡಿದೆ. ಆಯಿಯ ಅಂಗಳ ಬೋಳಾಗಿತ್ತು. ಸತ್ತ ಬಳ್ಳಿ ಕಿತ್ತ ಮೇಲೆ ಅವಳು ಏನನ್ನೂ ಹಾಕಿರಲಿಲ್ಲ, ಮಡಿ ಇದ್ದಲ್ಲಿ ಎರಡು ಆಡು ಕಟ್ಟಿದ್ದಳು. ಬಟ್ಟೆಯನ್ನು ಹಾಗೇ ಕಟ್ಟೆಯ ಮೇಲಿಟ್ಟು ಹೋದೆ.

ಅವಳ ಮುಂದೆ ಕೂತು ಎಲ್ಲ ಹೇಳಿದೆ. ಪಂಪು, ಕಸದ ಔಷಧಿ, ಪಕ್ಕದ ತೋಟದವಳು ಕಿತ್ತು ಎಸೆದದ್ದು, ಒಂದು ತಿಂಗಳಿಂದ ಗೊತ್ತಿದ್ದೂ ನಾನು ಬಾಯಿ ಬಿಡದೆ ಇದ್ದದ್ದು. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಾ ಒಂದೇ ಮಾತು ಕೇಳಿದಳು.

"ಹಂಗಾದ್ರ ನನ್ನ ಬೀಜ ಚಲೋ ಇದ್ದು?"

"ಚಲೋ ಇದ್ದು ಆಯಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಕೈಗುಣಾನ ಹ್ವಾತು ಅಂದ್ಕೊಂಡಿದ್ನಿ. ಕಣ್ಣರೆ ಮಂಜ ಆಗ್ಯಾವು, ನೋಡದ ಹುಳುಕ ಕಟ್ಟಿ ಇಟ್ಟೇನೇನೋ ಅಂತ. ಉಳದಿದ್ದ ಹೀರಿ, ಕುಂಬಳದ ಬೀಜಾನೂ ಆಡಿಗಿ ಹಾಕಿದ್ನಿ. ಮಂದಿ ಹಿತ್ತಲಕ್ಕ ರೋಗ ಹಂಚೂದ ಬ್ಯಾಡಂತ."

ನನಗೆ ತಲೆ ಎತ್ತಲಾಗಲಿಲ್ಲ. ಏನು ಮಾಡಲಿ ಹೇಳು ಆಯಿ, ಚಿಕ್ಕೋಡಿ ಅಂಗಡಿಯಿಂದ ಒಳ್ಳೇ ಬೀಜ ತರಿಸಿ ಕೊಡಲಾ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ಗಿರಣ್ಯಾಗ ಒಂದ ಮಾತ ಹೇಳ ಯವ್ವಾ. ಆಯೀ ಬೀಜ ಚಲೋ ಇದ್ದು ಅಂತ. ಅಷ್ಟ ಸಾಕ ನನಗ."

ಎರಡು ದಿನ ಬಿಟ್ಟು ಹೋದೆ. ಹೇಳುವ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋದೆ. ಗಿರಣಿಯಲ್ಲಿ ಅವತ್ತಿನ ಹೆಂಗಸರೇ ಹೆಚ್ಚುಕಡಿಮೆ ಎಲ್ಲ ಇದ್ದರು, ಪಕ್ಕದ ತೋಟದ ಸೊಸೆಯೂ ಇದ್ದಳು. ಮೂಲೆಯಲ್ಲಿ ತನ್ನ ಸಣ್ಣ ಚೀಲ ಇಟ್ಟುಕೊಂಡು ಆಯಿ ಕೂತಿದ್ದಳು. ಅವಳು ಇರುತ್ತಾಳೆಂದು ನಾನು ಎಣಿಸಿರಲಿಲ್ಲ. ಗಿರಣಿ ನಿಂತ ಹೊತ್ತು ನೋಡಿ ಮಾತು ತೆಗೆದೆ.

"ಅವತ್ತ ನಾ ಹೇಳಿದ್ನೆಲ್ಲ, ಅದ ತಪ್ಪ ನೋಡ್ರಿ. ಆಯೀ ಬೀಜ ಚಲೋನ ಇದ್ದು. ಪಂಪಿನ್ಯಾಗ ಕಸದ ಎಣ್ಣಿ ಉಳದಿತ್ತಂತ."

"ಯಾರ ಹೊಡದಿದ್ರಿ ವೈನಿ ಅದನ್ನ?" ಪಕ್ಕದ ತೋಟದವಳು ಕೇಳಿದಳು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಅಷ್ಟು ಜೋರಿನ ಬಾಯಿ ನನ್ನದು.

"ನಮ್ಮವ್ರು. ಪಂಪ್ ತೊಳೀದನ ಮಜ್ಜಿಗಿ ಹೊಡದ್ ಬಿಟ್ಟಾರ" ಎಂದೆ.

ಹೇಳಿದ ಕೂಡಲೇ ಮೂಲೆಯ ಕಡೆ ಕಣ್ಣು ಹೋಯಿತು. ಪಂಪು ಬೆನ್ನಿಗೆ ಹಾಕಿಕೊಂಡು ತನ್ನ ಅಂಗಳಕ್ಕೆ ಬಂದವಳು ಯಾರೆಂದು ಆಯಿ ಕಣ್ಣಾರೆ ನೋಡಿದ್ದಳು. ಬೇಡವೆಂದು ಹೇಳಿದ್ದಳು ಕೂಡ. ಅವಳು ನನ್ನನ್ನೇ ನೋಡಿದಳು. ಆಮೇಲೆ ಹೆಂಗಸರ ಕಡೆ ತಿರುಗಿ ನಕ್ಕಳು.

"ಹೌದವಾ. ಗಂಡಸರಿಗೇನ ತಿಳೀತೈತಿ ತೊಳಿಯೂದು?"

ಎಲ್ಲರೂ ಗೊಳ್ಳೆಂದು ನಕ್ಕರು. ಯಾರ ಗಂಡ ಏನೇನು ತೊಳೆಯುವುದಿಲ್ಲ ಎಂಬ ಮಾತು ಶುರುವಾಯಿತು. ಆಯಿ ತನ್ನ ಹಿಟ್ಟಿನ ಚೀಲ ಎತ್ತಿಕೊಂಡು ಹೊರಗೆ ಬಂದಳು. ನಾನು ಅವಳ ಹಿಂದೆಯೇ ಓಡಿದೆ.

"ಆಯಿ, ಯಾಕ ಹಂಗ ಹೇಳಿದಿ?"

"ನನ್ನ ಹೆಸರ ಹ್ವಾದಾಗ ಹ್ಯಾಂಗಿತ್ತ ಅಂತ ನನಗ ಗೊತ್ತೈತಿ ಯವ್ವಾ" ಎಂದಳು. "ನಿಂದೂ ಯಾಕ ಹೋಗ್ಬೇಕ?"

ಅವಳು ನಡೆದುಹೋದಳು. ಒಳಗೆ ಹೆಂಗಸರು ಇನ್ನೂ ನಗುತ್ತಿದ್ದರು. ತಿರುಗಿ ಹೋಗಿ ನಿಜ ಹೇಳಲು ಹತ್ತು ಹೆಜ್ಜೆಯ ದಾರಿ. ನಾನು ನನ್ನ ಹಿಟ್ಟು ಬೀಸಿ ಆಗುವವರೆಗೆ ಹೊರಗೇ ನಿಂತಿದ್ದು, ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ.