ಚಿಕ್ಕಸಿದ್ದಮ್ಮ ದೀಪ ಆರಿಸಿದ್ದು

ವೀರನಹೊಸಹಳ್ಳಿಯಿಂದ ಕಾಡಿನ ಅಂಚು ಹಿಡಿದು ನಡೆದರೆ ಕಲ್ಲುಮಂಟಿ ಸಿಗುತ್ತದೆ. ಆ ಊರಿನ ಮುಕ್ಕಾಲು ಪಾಲು ಮಕ್ಕಳು ಭೂಮಿಗೆ ಬಿದ್ದದ್ದು ಸೂಲಗಿತ್ತಿ ಚಿಕ್ಕಸಿದ್ದಮ್ಮನ ಕೈಗೆ. ಅವಳು ಊರಾಚೆಯ ಕೇರಿಯವಳು. ಹೆರಿಗೆ ನೋವು ಬಂದಾಗ ಮೇಲುಜಾತಿಯವರು ಅವಳನ್ನು ಒಳಕೋಣೆಗೇ ಕರೆದೊಯ್ಯುತ್ತಿದ್ದರು. ಮಗು ಅತ್ತ ಮರುಗಳಿಗೆ ಹಿತ್ತಲ ಬಾಗಿಲು ತೋರಿಸಿ, ಅವಳು ನಡೆದ ಜಾಗಕ್ಕೆಲ್ಲ ಸಗಣಿ ಸಾರಿಸುತ್ತಿದ್ದರು. ಬಸವಣ್ಣನ ಗುಡಿಗಂತೂ ಅವಳು ಬೇಲಿಯಾಚೆಯಿಂದಲೇ ಕೈ ಮುಗಿಯಬೇಕು. ಎಂಥಾ ನ್ಯಾಯ ನೋಡಿ! ಊರಿನ ಕೂಸುಗಳನ್ನೆಲ್ಲ ಮೊದಲು ಮುಟ್ಟಿದ ಕೈ ಊರಿನ ದೇವರಿಗೆ ಮೈಲಿಗೆ.

ಅವಳೂ ಬಾಯಿಗೆ ಬೀಗ ಹಾಕಿಕೊಂಡವಳಲ್ಲ. "ನನ್ ಕೈ ಮೈಲಿಗೆ ಅಂದ್ರೆ ನೀವೆಲ್ಲಾ ಉಟ್ಟಿದ್ದೇ ಮೈಲಿಗೇಲಿ ಕಣ್ರವ್ವಾ" ಎಂದು ಗೌಡತಿಯರ ಮುಖಕ್ಕೇ ಹೇಳಿ, ಹೆರಿಗೆಯ ಕೂಲಿಗೆಂದು ಮೊರದಲ್ಲಿ ಹಾಕಿದ ರಾಗಿ ಹೊತ್ತು ನಡೆಯುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಆ ಊರಿನ ಮಹದೇವಪ್ಪ ಹಾವು ಕಚ್ಚಿ ಸತ್ತ. ಅವನ ಹೆಂಡತಿ ನೀಲಾಂಬಿಕೆ ಆಗ ಬಸುರಿ. ತಿಂಗಳು ತುಂಬಿ ಗಂಡು ಮಗುವಾದಾಗ ಕೋಣೆಯಲ್ಲಿ ಚಿಕ್ಕಸಿದ್ದಮ್ಮ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಮಹದೇವಪ್ಪನ ತಮ್ಮ ಬೆಟ್ಟಸ್ವಾಮಿಗೆ ಅಷ್ಟೇ ಸಾಕಾಯಿತು. ಅತ್ತಿಗೆಯ ಬಸುರು ಯಾವಾಗಲೋ ಇಳಿದುಹೋಗಿತ್ತು, ಈ ಕೂಸನ್ನು ಎಲ್ಲಿಂದಲೋ ತಂದು ಮಡಿಲಿಗೆ ಹಾಕಿಕೊಂಡಿದ್ದಾಳೆ, ಅಣ್ಣನ ಹೊಲಗದ್ದೆ ತನಗೇ ಸೇರಬೇಕು ಎಂದು ಹುಣಸೂರಿನ ಕೋರ್ಟಿಗೆ ಹೋದ. ಅವನು ಗೆದ್ದರೆ ತಾಯಿ ಬೀದಿಪಾಲು, ಮಗುವಿಗೆ ಅಪ್ಪನ ಹೆಸರೂ ಇಲ್ಲ. ಅದುವರೆಗೆ ಆ ಕೂಸನ್ನು ಅವನು ಒಂದು ಸಲವಾದರೂ ಎತ್ತಿಕೊಂಡಿರಲಿಲ್ಲ, ಪಾಪಿ.

ಸಾಕ್ಷಿ ಕಟ್ಟೆ ಹತ್ತಿದ ಚಿಕ್ಕಸಿದ್ದಮ್ಮನಿಗೆ ಗುಮಾಸ್ತರು, "ದೇವರ ಮುಂದೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಅನ್ನು" ಎಂದರು.

"ಯಾವ್ ದೇವ್ರು ಸ್ವಾಮಿ? ನಮ್ಮೂರ್ ದೇವ್ರಿಗೂ ನಂಗೂ ಮಾತುಕತೆ ಇಲ್ಲ. ಅವನ ಮುಖಾನೇ ನಾನ್ ಕಂಡಿಲ್ಲ."

ಕೋರ್ಟು ಗೊಳ್ಳೆಂದಿತು. ಮುನ್ಸೀಫರು ನಗಲಿಲ್ಲ. "ದೇವರ ಹೆಸರು ಬೇಡವಾದರೆ ಬಿಡಮ್ಮ. ಸತ್ಯನಿಷ್ಠೆಯಿಂದ ಹೇಳುತ್ತೇನೆ ಅಂದರೂ ಕಾನೂನಿಗೆ ಸಾಕು."

"ಅಂಗೇ ಬರ್ಕಳಿ. ಸತ್ಯ ನಂಗ್ ಗೊತ್ತದೆ. ಈ ಕೂಸು ನೀಲವ್ವನ ಒಟ್ಟೇಲೇ ಉಟ್ಟಿದ್ದು. ಒಕ್ಕಳು ಕುಯ್ದೋಳು ನಾನೇ."

ಬೆಟ್ಟಸ್ವಾಮಿ ಎದ್ದು ನಿಂತು ಕೂಗಾಡಿದ. "ದೇವ್ರಿಗೇ ಎದರದೋಳ್ ಮಾತಾ ಬುದ್ದಿ ಇದು? ನಮ್ಮೂರ ಬಸವಣ್ಣನ ಗುಡಿಗೆ ಬರ್ಲಿ. ಒಳೀಕ್ ಬಂದು, ಗರ್ಭಗುಡಿ ಮುಂದ್ಲ ದೀಪ ಆರ್ಸಿ, ಆಣೆ ಮಾಡಿ ಇದೇ ಮಾತ್ ಆಡ್ಲಿ. ಆಗ ನಾನ್ ಒಪ್ತೀನಿ!"

ಅವನ ವಕೀಲರು ಅಂಗಿ ಹಿಡಿದು ಜಗ್ಗಿದರು. ಅವನು ಕೊಡವಿಕೊಂಡ. ಕೇರಿಯವರು ಆ ಹೊಸಿಲು ದಾಟಿದರೆ ರಕ್ತ ಕಾರಿ ಸಾಯುತ್ತಾರೆಂದು ಊರಿಗೂರೇ ನಂಬಿತ್ತು. ಈ ಮುದುಕಿ ಸತ್ತರೂ ಬರಲಾರಳು, ಬರದಿದ್ದರೆ ಸುಳ್ಳಿಯಾಗುತ್ತಾಳೆ ಎಂಬುದು ಅವನ ಲೆಕ್ಕಾಚಾರ.

"ಆಕೆ ಹಾಗೆ ಪ್ರಮಾಣ ಮಾಡಿದರೆ ನಿಮ್ಮ ದಾವೆ ಅಲ್ಲಿಗೇ ಮುಗಿಯಿತು. ತಿಳಿಯಿತೇ?" ಎಂದರು ಮುನ್ಸೀಫರು.

"ತಿಳೀತು ಬುದ್ದಿ" ಎಂದು ಬೆಟ್ಟಸ್ವಾಮಿ ರುಜು ಹಾಕಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮನೆಯಲ್ಲಿ ಗಂಡ ಮಂಚಯ್ಯ ಅವಳ ಕೈ ಹಿಡಿದುಕೊಂಡ. "ಬ್ಯಾಡ ಕಣಮ್ಮಿ. ಊರೋರು ನಮ್ಮನ್ನ ಬದುಕಕ್ ಬುಡಾಕಿಲ್ಲ. ಬರಾಕಿಲ್ಲ ಅಂದ್ಬುಡು."

ಅವಳಿಗೆ ಮಾತ್ರ ಭಯವಿರಲಿಲ್ಲವೇ? ಇತ್ತು. "ನಾನ್ ಬರಾಕಿಲ್ಲ ಅಂದ್ರೆ ಆ ಕೂಸ್ನ ಕದ್ದು ತಂದಂಗೇ ಆಯ್ತದೆ ಕಣಯ್ಯ. ಸತ್ರೆ ಸಾಯ್ತೀನಿ, ಸುಳ್ಳಿ ಅನ್ನಿಸ್ಕಳಾಕಿಲ್ಲ."

ಸೋಮವಾರ ಗುಡಿಯ ಮುಂದೆ ಊರೇ ನೆರೆದಿತ್ತು. ಪ್ರಮಾಣ ಮಾಡಿಸಲೆಂದು ಕೋರ್ಟು ಕಳಿಸಿದ್ದ ಕಮಿಷನರು ಹುಣಸೂರಿನಿಂದ ಬಂದಿದ್ದರು. ನೀಲಾಂಬಿಕೆ ಮಗುವನ್ನು ಎದೆಗವಚಿಕೊಂಡು ಜಗುಲಿಯ ಪಕ್ಕ ನಿಂತಿದ್ದಳು. ಚಿಕ್ಕಸಿದ್ದಮ್ಮ ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಂದವಳು ನೇರ ಮೆಟ್ಟಿಲ ಕಡೆಗೇ ನಡೆದಳು. ಆಗ ನೋಡಿ, ಬೆಟ್ಟಸ್ವಾಮಿಗೆ ಎದೆ ಧಸಕ್ಕೆಂದಿತು.

"ಏಯ್, ಅಲ್ಲೇ ನಿಂತ್ಕೊ! ವರಗಿಂದ್ಲೇ ಮಾಡು, ಸಾಕು!"

ಅವಳು ಮೆಟ್ಟಿಲ ಮೇಲೆಯೇ ತಿರುಗಿದಳು. "ಒಳೀಕ್ ಬಂದು ಅಂತ ರುಜು ಆಕ್ದೋರ್ ಯಾರಪ್ಪ? ನಾನಾ?"

ಕಮಿಷನರು ಕನ್ನಡಕ ಸರಿಮಾಡಿಕೊಂಡರು. "ಬೆಟ್ಟಸ್ವಾಮಿ, ಆಕೆ ಸಿದ್ಧ. ನೀವು ಅಡ್ಡಿ ಮಾಡಿದರೆ ಹಾಗೆಂದೇ ಬರೆಯುತ್ತೇನೆ."

ಬೆಟ್ಟಸ್ವಾಮಿ ಹಿಂದೆ ಸರಿದ. ಪೂಜಾರಿ ಲಿಂಗಯ್ಯ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ.

ಚಿಕ್ಕಸಿದ್ದಮ್ಮ ಹೊಸಿಲು ದಾಟಿದಳು. ಒಳಗೆ ತಂಪು, ಎಣ್ಣೆಯ ಕಮಟು, ಕಪ್ಪು ಕಲ್ಲಿನ ಬಸವ. ಇಷ್ಟೇನಾ ಎನಿಸಿತು ಅವಳಿಗೆ. ಇಷ್ಟಕ್ಕಾ ಇಷ್ಟು ವರ್ಷ ನನ್ನನ್ನು ಬೇಲಿಯಾಚೆ ನಿಲ್ಲಿಸಿದ್ದು ಎಂದು ಸಿಟ್ಟು ಉಕ್ಕಿ ಬಂದು, ಭಯವನ್ನು ಎತ್ತಲೋ ಒಯ್ದಿತು.

"ನೀಲವ್ವನ ಒಟ್ಟೇಲಿ ಉಟ್ಟಿದ್ದ ಕೂಸ್ನ ಈ ಕೈಲಿ ಇಡ್ದಿದ್ದೀನಿ ಬಸವಣ್ಣ. ಸುಳ್ಳಾದ್ರೆ ಈ ಕೈ ಸೇದೋಗ್ಲಿ" ಎಂದು ಊರಿಗೆಲ್ಲ ಕೇಳುವಂತೆ ಹೇಳಿ, ಸೆರಗು ಬೀಸಿ ದೀಪ ಆರಿಸಿದಳು.

ಹೊರಗೆ ಜನ ಕಾದರು. ಯಾರೂ ರಕ್ತ ಕಾರಲಿಲ್ಲ. ಕಮಿಷನರು ಬರೆದುಕೊಂಡು, "ಮುಗಿಯಿತು" ಎಂದರು.

"ಎಲ್ಲಿ ಮುಗೀತು?" ಎಂದಳು ಚಿಕ್ಕಸಿದ್ದಮ್ಮ. ಮೆಟ್ಟಿಲಿಳಿದು ಬಂದು, ನೀಲಾಂಬಿಕೆಯ ಕೈಯಿಂದ ಮಗುವನ್ನು ತೆಗೆದುಕೊಂಡು, ಬೆಟ್ಟಸ್ವಾಮಿಯ ಎದುರು ನಿಂತು ಎರಡೂ ಕೈ ಮುಂದೆ ಚಾಚಿದಳು. "ಎತ್ಕೊಳಪ್ಪಾ. ನಿಮ್ಮಣ್ಣನ ಮಗ."

ಅವನು ಮಗುವನ್ನು ನೋಡಿದ, ಅದರ ಕೆಳಗಿದ್ದ ಅವಳ ಕೈಗಳನ್ನು ನೋಡಿದ. ಆ ಕೈ ಮುಟ್ಟದೆ ಮಗುವನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ. ಬಿಸಿಲು ಏರುತ್ತಿತ್ತು, ಮಗು ಕಾಲು ಬಡಿಯುತ್ತಿತ್ತು, ಊರು ನೋಡುತ್ತಿತ್ತು. ಅವನು ಎತ್ತಿಕೊಳ್ಳುವವರೆಗೂ ಚಿಕ್ಕಸಿದ್ದಮ್ಮ ಕೈ ಇಳಿಸಲಿಲ್ಲ.