ಹಿತ್ತಲದ ತತ್ತಿ, ಅತ್ತೆಯ ಕಾವಲು

ನನ್ನ ಗಂಡ ಮಗ್ಗದ ಶೆಡ್ಡಿನ ಮೆಟ್ಟಿಲ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡ ವರ್ಷವೇ ನಮ್ಮ ಬನಹಟ್ಟಿಯ ಮನೆಗೆ ಕೋಳಿಗಳು ಬಂದವು. ಜಮಖಂಡಿಯಲ್ಲಿ ಪ್ಲಾಸ್ಟರ್ ಹಾಕಿದ ಡಾಕ್ಟರು, "ದಿನಾ ಹಾಲು ಕುಡೀರಿ, ತತ್ತಿ ತಿನ್ನರಿ, ಎಲುಬು ಲಗೂನ ಕೂಡತೈತಿ" ಅಂದರು. ಪಕ್ಕದಲ್ಲಿ ನಿಂತಿದ್ದ ಅತ್ತೆ ಹಾಲಿಗೆ ತಲೆಯಾಡಿಸಿದರು, ತತ್ತಿಗೆ ಆಡಿಸಲಿಲ್ಲ.

ಅತ್ತೆಯ ಅಡುಗೆಮನೆಗೆ ಅದುವರೆಗೆ ತತ್ತಿ ಬಂದಿರಲಿಲ್ಲ. ನಾನು ಹುಟ್ಟಿ ಬೆಳೆದ ಹುನ್ನೂರಿನ ಮನೆಯಲ್ಲಿ ಹಿತ್ತಲ ತುಂಬ ಕೋಳಿಗಳಿದ್ದವು. ಮದುವೆಯಾದ ಮೇಲೆ ತತ್ತಿಯನ್ನು ತವರಿಗೆ ಹೋದಾಗಿನ ರುಚಿ ಎಂದುಕೊಂಡು ಸುಮ್ಮನಾಗಿದ್ದೆ. ಅತ್ತೆ ಆ ದಿನವೆಲ್ಲ ಯೋಚನೆ ಮಾಡಿ ಸಂಜೆ ನನ್ನನ್ನು ಕರೆದರು.

"ನನ್ನ ಮಗನ ಕಾಲಿಗಿಂತ ನನ್ನ ಮಡಿ ಏನ ದೊಡ್ಡದಲ್ಲ. ಆದರ ಅಂಗಡ್ಯಾಗಿಂದು ಬ್ಯಾಡ, ಎಂದಿಂದೋ ಏನೋ. ಒಲಿ ಹಿತ್ತಲದಾಗ ಹೂಡು. ಫ್ರಿಜ್ಜಿನ್ಯಾಗ ಹಾಲಿನ ಮಗ್ಗಲಕ ಅಂತೂ ಇಡಬ್ಯಾಡ."

ನಾನು ಅವ್ವನಿಗೆ ಫೋನು ಮಾಡಿದೆ. ಅವ್ವ ಬುಟ್ಟಿಯಲ್ಲಿ ಮೂರು ಕೋಳಿ ಹಾಕಿ, ಮೇಲೆ ಹಳೆಯ ಸೀರೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಬುಟ್ಟಿಯಲ್ಲಿ ಏನಿದೆ ಎಂದು ಕಂಡಕ್ಟರ್ ಕೇಳಿದ್ದಕ್ಕೆ "ಅಳಿಯಾಗ ಔಷಧ" ಅಂದಳಂತೆ. ಅಷ್ಟರಲ್ಲಿ ಒಳಗಿನಿಂದ ಕೊಕ್ಕ್ ಅಂತ ಕೇಳಿಸಿತು. "ನಿಮ್ಮ ಔಷಧ ಮಾತಾಡಾಕತ್ತೈತಿ ಯವ್ವಾ, ಅದಕ್ಕೂ ಟಿಕೀಟ ತಗಸರಿ" ಅಂದನಂತೆ ಅವನು. ಇದನ್ನು ನಮ್ಮ ಕಟ್ಟೆಯ ಮೇಲೆ ಕೂತು ಹೇಳುವಾಗ ಅವ್ವನಿಗೇ ನಗು ತಡೆಯಲಾಗಲಿಲ್ಲ.

ಹೊರಡುವ ಮೊದಲು ಅವ್ವ ತತ್ತಿ ಇಡುವ ಬಗೆ ತೋರಿಸಿದಳು. ಒಂದು ಮಣ್ಣಿನ ಗಡಗಿಯಲ್ಲಿ ಜೋಳ ತುಂಬಿ, ಚೂಪು ತುದಿ ಕೆಳಗೆ ಬರುವಂತೆ ತತ್ತಿಯನ್ನು ಅದರಲ್ಲಿ ಹುಗಿಯಬೇಕು. ಗಡಗಿಯನ್ನು ನೆರಳಿನಲ್ಲಿ, ಒದ್ದೆ ಮರಳಿನ ಮೇಲೆ ಇಡಬೇಕು. ಅಲ್ಲಿಯತನಕ ಅತ್ತೆ ಒಪ್ಪಿದರು. ಆದರೆ ತತ್ತಿ ತೊಳೆಯಬಾರದು ಎಂದಾಗ ಅವರ ಮುಖ ಬದಲಾಯಿತು. ಪೇಟೆಯಿಂದ ತಂದ ತೆಂಗಿನಕಾಯಿಯನ್ನೂ ತೊಳೆದು ಒಳಗೆ ಒಯ್ಯುವವರು ಅವರು.

"ತೊಳೀದನ ಇಡೂದಂದರ ಹೆಂಗ್ರಿ ಬೀಗತಿ?"

"ಮ್ಯಾಲ ಒಂದು ತೆಳ್ಳಗಿನ ಪರಿ ಇರತೈತ್ರಿ. ತೊಳದರ ಅದು ಹೋಗಿ ಲಗೂ ಕೆಡತಾವು. ಹೊಲಸಿದ್ದರ ಒಣಾ ಅರಬೀಲೆ ಒರಸಿದರ ಆತು."

ಅತ್ತೆ ಎದ್ದರು. ಶೆಡ್ಡಿಗೆ ಹೋಗಿ, ಮಗ್ಗದಿಂದ ಉಳಿದ ನೂಲಿನ ಚೂರುಗಳನ್ನು ಉಡಿಯಲ್ಲಿ ತುಂಬಿ ತಂದು ಕೋಳಿಗಳಿಗೆ ಹಾಸಿದರು. ಕೆಂಪು, ಹಸಿರು, ಜರಿ ಬಣ್ಣದ ನೂಲಿನ ಮೇಲೆ ಕೂತ ಆ ಕೋಳಿಗಳಿಗೆ ಬಾಣಂತಿಯರ ಗತ್ತು ಬಂತು.

ಮೊದಲ ತತ್ತಿಯನ್ನು ಹಿತ್ತಲದ ಒಲೆಯ ಮೇಲೆ ಕುದಿಸಿ, ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದ ಗಂಡನಿಗೆ ಕೊಟ್ಟೆ. "ಔಷಧಂತ ತಿನ್ನಬೇಕಷ್ಟ" ಎಂದು ಅವನು ಮುಖ ಕಿವುಚಿದ. ಆಮೇಲೆ ತತ್ತಿಯನ್ನು ಹೊರಸಿನ ಕಟ್ಟಿಗೆಗೆ ಟಕ್ಕನೆ ಬಡಿದು, ಅಂಗೈಯಲ್ಲಿ ಉರುಳಿಸಿ, ಸಿಪ್ಪೆಯನ್ನು ಒಂದೇ ಎಳೆಗೆ ಬಿಚ್ಚಿ, ಉಪ್ಪಿಗೆ ಕೈ ಚಾಚಿದ. ಅತ್ತೆ ದೂರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಮೊದಲನೇ ಸಲ ತಿನ್ನಾವರು ಹಂಗ ಸುಲಿಯೂದಿಲ್ಲ" ಅಂದರು, ತಲೆ ಎತ್ತದೆ.

ಗಂಡ ಬಾಯಿ ತುಂಬ ತತ್ತಿ ಇಟ್ಟುಕೊಂಡು ನನ್ನ ಕಡೆ ನೋಡಿದ. ನಾನು ಒಲೆ ಊದತೊಡಗಿದೆ.

"ಬಸ್‌ಸ್ಟ್ಯಾಂಡಿನ ಆಮ್ಲೆಟ್ಟಿನ ಗಾಡಿ ಏನಲೇ?"

"ಎಂದೋ ಒಮ್ಮೆ, ಯವ್ವಾ."

"ಎಂದೋ ಒಮ್ಮೆ ತಿಂದಾವನ ಕೈ ಅಲ್ಲ ಅದು." ಹೀಗೆಂದು ಅಕ್ಕಿಯಲ್ಲಿನ ಒಂದು ಹರಳು ಎತ್ತಿ ಒಗೆದರು. ಸಿಟ್ಟಾಗಿರಬೇಕು ಎಂದು ನಾನು ಹೆದರಿದ್ದೆ. ಆದರೆ ಅವರ ಭುಜ ಅಲುಗುತ್ತಿತ್ತು, ನಗುತ್ತಿದ್ದರು.

ಕೆಲವು ವಾರ ಕಳೆದವು. ಮೂರರಲ್ಲಿ ಕಂದು ಕೋಳಿ ತತ್ತಿ ಇಡುವುದನ್ನು ನಿಲ್ಲಿಸಿಬಿಟ್ಟಿತು. ಅದಕ್ಕೆ ಜ್ವರ ಬಂದಿದೆಯೋ, ವಯಸ್ಸಾಯಿತೋ ತಿಳಿಯಲಿಲ್ಲ. ಮಗ್ಗಗಳ ಖಟಖಟದಲ್ಲಿ ಅದು ಎಲ್ಲಿ ಹೋಗಿ ಏನು ಮಾಡುತ್ತದೆ ಎನ್ನುವುದು ಕೇಳಿಸುತ್ತಿರಲೂ ಇಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಇಡೀ ಓಣಿ ಒಮ್ಮೆಲೇ ಸುಮ್ಮನಾಯಿತು. ಆಗ ಶೆಡ್ಡಿನ ಮೂಲೆಯಿಂದ, ತತ್ತಿ ಇಟ್ಟ ಕೋಳಿಯ ಆ ಜಂಬದ ಕೂಗು ಕೇಳಿತು. ನನಗಿಂತ ಮೊದಲು ಅತ್ತೆಯೇ ಎದ್ದರು. ಕೆಟ್ಟುನಿಂತ ಮಗ್ಗದ ಕೆಳಗೆ, ಹಳೆಯ ನೂಲಿನ ಬುಟ್ಟಿಯಲ್ಲಿ, ತತ್ತಿಗಳ ಒಂದು ದೊಡ್ಡ ರಾಶಿಯೇ ಇತ್ತು.

ಅದುವರೆಗೆ ತತ್ತಿ ಮುಟ್ಟದ ಅತ್ತೆ ಸೆರಗನ್ನು ಕೈಗೆ ಸುತ್ತಿಕೊಂಡು ಒಂದೊಂದನ್ನೇ ಎತ್ತಿದರು. ಹೊಸದು ಯಾವುದು, ಹಳೆಯದು ಯಾವುದು? ಅವ್ವನಿಗೆ ಫೋನು ಹಚ್ಚಿದೆವು. "ನೀರಾಗ ಬಿಡ್ರಿ. ಮಲಗಿದ್ದು ಹೊಸಾದು, ನಿಂತದ್ದು ಹಳೇದು, ಅದನ್ನ ಮೊದಲ ಒಡದು ನೋಡಿ ಬೇಯಿಸ್ರಿ. ತೇಲಿದ್ದು ಒಗೀರಿ" ಅಂದಳು. ಅತ್ತೆ ಬಕೆಟ್ಟಿನ ಮುಂದೆ ಕೂತು ಒಂದೊಂದಾಗಿ ಬಿಟ್ಟರು. ಮಲಗಿದಾಗ "ಇದು ಶಾಣ್ಯಾ" ಅನ್ನುವುದು, ನಿಂತಾಗ "ನೀ ಆ ಕಡೆ ಸರಿ" ಅನ್ನುವುದು. ಒಂದು ಮಾತ್ರ ತೇಲಿತು. ಗಂಡ ಕೋಲೂರಿಕೊಂಡು ಬಂದು, "ಒಡದು ನೋಡೂಣು, ಖರೇನ ಕೆಟ್ಟೈತೇನು" ಅಂದ.

"ನಿನ್ನ ಕಾಲು ಒಡಕೊಂಡದ್ದು ಸಾಕು" ಎಂದು ಅತ್ತೆ ಅದನ್ನು ತಾವೇ ಒಯ್ದು ತಿಪ್ಪೆಯ ಆಳದಲ್ಲಿ ಹುಗಿದು ಬಂದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ, ಕೋಳಿಗಳನ್ನು ಹುನ್ನೂರಿಗೆ ಕಳಿಸಲೇ ಎಂದು ಅತ್ತೆಯನ್ನು ಕೇಳಿದೆ.

"ಯಾಕ, ಅವು ನಿನಗೇನ ಅಂದಾವು?" ಅಂದರು.

ಹಾಗಾಗಿ ಅವು ಇವೆ. ಓಣಿಯ ಹುಂಜದ ದಯೆಯಿಂದ ಈಗ ಮರಿಗಳೂ ಆಗಿವೆ. ಬೆಳಿಗ್ಗೆ ನಾನು ಹಿತ್ತಲದ ಒಲೆಯ ಮೇಲೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ತತ್ತಿ ಹುರಿಯುತ್ತೇನೆ. ಅತ್ತೆ ಮೆಟ್ಟಿಲ ಮೇಲೆ ತಮ್ಮ ತಾಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಹಿಂಡಿ ಇಟ್ಟುಕೊಂಡು ಕೂತಿರುತ್ತಾರೆ. "ಉಳ್ಳಾಗಡ್ಡಿ ಇನ್ನೊಂಚೂರು ಕೆಂಪಾಗಲಿ" ಎಂದು ಅಲ್ಲಿಂದಲೇ ಹೇಳುತ್ತಾರೆ. ಮೊನ್ನೆ ಧೈರ್ಯ ಮಾಡಿ, "ಒಂದೀಟು ರುಚಿ ನೋಡತೀರೇನ್ರಿ ಅತ್ತಿ?" ಎಂದು ಕೇಳಿದೆ.

"ನಾ ತಿನ್ನೂದಿಲ್ಲವ್ವಾ. ವಾಸನಿ ಮಾತ್ರ ಛಲೋ ಐತಿ" ಎಂದು ರೊಟ್ಟಿ ಮುರಿದು ಹಿಂಡಿಗೆ ಅದ್ದಿದರು.