ಅಪಾಯ ಕೇಳಿಸಿಕೊಂಡ ತಮ್ಮ

ಬೈಪಾಸ್ ಆಗಬೇಕಿದ್ದದ್ದು ನನಗೆ. ಅದರ ಅಪಾಯ ವಿವರಿಸಲು ಡಾಕ್ಟರು ಒಳಗೆ ಕರೆದದ್ದು ನನ್ನ ತಮ್ಮನನ್ನು. ಸೋಮನಹಳ್ಳಿಯಲ್ಲಿ ಒಬ್ಬಳೇ ಹಿಟ್ಟಿನ ಮಿಲ್ಲು ಕಟ್ಟಿದವಳು, ಪುಸ್ತಕ ತಂದು ಹೃದಯದ ನಾಳಗಳನ್ನೆಲ್ಲ ಓದಿಕೊಂಡವಳು ನಾನು. ರೇಗಿಹೋಗಿ ಹಿಂದೆಯೇ ನುಗ್ಗಿದೆ.

"ಪೇಷೆಂಟ್ ಎದುರಿಗೆ ಇದೆಲ್ಲ ಹೇಳಲ್ಲಮ್ಮ," ಎಂದರು ಡಾಕ್ಟರು.

"ನೀ ಆಚೆ ಇರಕ್ಕ, ನಾನಿದೀನಲ್ಲ," ಎಂದ ತಮ್ಮ.

"ಕುಯ್ಯದು ನನ್ನ ಎದೆ ಕಣ್ಲಾ, ನಿಂದಲ್ಲ! ಯೋಳಿ ಡಾಕ್ಟ್ರೇ."

ಅವರು ಹೇಳಿದರು: ರಕ್ತಸ್ರಾವ ಆಗಬಹುದು, ಲಕ್ವ ಹೊಡೆಯಬಹುದು, ಅಪರೂಪಕ್ಕೆ ಜೀವವೂ ಹೋಗಬಹುದು, ಮಾಡಿಸದಿದ್ದರೆ ಅಪಾಯ ಇನ್ನೂ ಹೆಚ್ಚು. ಅಷ್ಟರಲ್ಲಿ ತಮ್ಮ ಬೆವತು ಕುರ್ಚಿಯಿಂದ ಜಾರಿದ. ನರ್ಸು ಅವನನ್ನು ವಾರ್ಡಿನ ನನ್ನ ಮಂಚದಲ್ಲೇ ಮಲಗಿಸಿ ಇಸಿಜಿ ತೆಗೆದಳು. ನಾನು ನಿಂತುಕೊಂಡೇ ಒಪ್ಪಿಗೆ ಪತ್ರ ಪೂರ್ತಿ ಓದಿ ಸಹಿ ಹಾಕಿದೆ.

ನನ್ನ ಎದೆಯ ಹೊಲಿಗೆ ಮಾಯ್ದು ವರ್ಷವಾಯಿತು. ಮಳವಳ್ಳಿಯ ನೆಂಟರು ಬಂದರೆ ಈಗಲೂ ಮೊದಲು ವಿಚಾರಿಸುವುದು ಅವನ ಎದೆಯನ್ನೇ.